ಚಂದ್ರಕಾಂತದ್ರವವಿಚಾರ

ಪದಾರ್ಥಗಳನ್ನು ಬೆಸೆಯುವುದು ಯಾವುದೋ ಒಂದು ಒಳಗಣ ಕಾರಣವೇ ಹೊರತು ಹೊರಗಣ ಗುಣಗಳಲ್ಲವೆಂದು ಉತ್ತರರಾಮಚರಿತದ ಆರನೆಯ ಅಂಕದಲ್ಲಿ ರಾಮನು ಹೇಳುವನು. ಸೂರ್ಯೋದಯಕ್ಕೆ ಅರಳುವ ತಾವರೆಯೂ ಚಂದ್ರೋದಯಕ್ಕೆ ದ್ರವಿಸುವ ಚಂದ್ರಕಾಂತವೂ ಅಲ್ಲಿ ನಿದರ್ಶನಗಳು. ಬೆಳಕಿಗೆ ರಚನೆಯನ್ನು ಮಾರ್ಪಡಿಸಿಕೊಳ್ಳುವ ವಸ್ತುಗಳನ್ನು ಪ್ರಾಚೀನರು ಬಲ್ಲವರಾಗಿದ್ದರೆಂಬುದಕ್ಕೆ ಇದನ್ನು ಪ್ರಮಾಣವಾಗಿ ಪಾಠಹೇಳುವ ಅಧ್ಯಾಪಕರುಂಟು. ಹಿಂದೊಮ್ಮೆ ನಾನೂ ಹಾಗೆ ಹೇಳಿದವನೇ. ಅದು ಯುಕ್ತವಲ್ಲ.

ರತ್ನವ್ಯಾಪಾರಿಗಳು ಇಂದು ಚಂದ್ರಕಾಂತವೆಂದು ಮಾರುವುದು ಫೆಲ್ಡ್‌ಸ್ಪಾರ್ ಜಾತಿಯ ಖನಿಜವನ್ನು. ಅದರಲ್ಲಿ ಎರಡು ಬಗೆಯ ಅತಿಸೂಕ್ಷ್ಮವಾದ ಪದರಗಳು ಒಂದರ ಮೇಲೊಂದಿರುವುದರಿಂದ ಬೆಳಕು ಚದರಿ ನೀಲಚ್ಛಾಯೆ ತೇಲುವಂತೆ ಕಾಣುವುದು. ಶಿಲೆಯು ಕರಗದು, ಕದಲದು. ಕದಲುವುವು ಬೇರೆ. ಟಂಗ್‌ಸ್ಟನ್ ಡೈಟೆಲ್ಯುರೈಡಿನ ಹರಳಿನಲ್ಲಿ ಪದರದೊಳಗಣ ಬಂಧವು ದೃಢ, ಪದರಗಳ ನಡುವಣ ಬಂಧವು ದುರ್ಬಲ. ಕಣ್ಣಿಗೆ ಕಾಣದ ಟೆರಾಹರ್ಟ್ಸ್ ಕಿರಣದ ಸ್ಪಂದವು ತಾಗಲು ಪದರಗಳು ಜಾರಿ ಹರಳಿನ ಸಮಮಿತಿಯೇ ಬೇರೆಯಾಗುವುದೆಂದು 2019ರಲ್ಲಿ ಪ್ರಕಟವಾಯಿತು. ಟ್ಯಾಂಟಲಮ್ ಡೈಸಲ್ಫೈಡಿನಲ್ಲಿ 35 ಫೆಮ್ಟೊಸೆಕೆಂಡುಗಳ ಒಂದೇ ಲೇಸರ್ ಸ್ಪಂದವು, ಅತಿಶೈತ್ಯದಲ್ಲಿ ಸ್ಥಿರವಾಗಿ ನಿಲ್ಲುವ ಹೊಸ ಸ್ಥಿತಿಯನ್ನು ಹುಟ್ಟಿಸುವುದೆಂದು 2014ರಲ್ಲಿಯೇ ತಿಳಿದಿತ್ತು. ಇವು ಬೆಳುದಿಂಗಳಿಗೆ ಒಲಿಯುವ ವಸ್ತುಗಳಲ್ಲ.

ಹಾಗೆಂದು ಕವಿಯು ಸುಳ್ಳಾಡಿದನೆಂಬ ಪಕ್ಷವೂ ನಿಲ್ಲದು. ಇಲ್ಲದುದನ್ನು ಉಂಟೆಂದು ವರ್ಣಿಸುವುದನ್ನು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಸಮಯಗಳ ಒಂದು ಭೇದವಾಗಿ ಒಪ್ಪಿರುವನು. ಚಂದ್ರಕಾಂತದ್ರವವನ್ನು ಅಲ್ಲಿ ಸೇರಿಸತಕ್ಕುದು. ಭೌತಶಾಸ್ತ್ರಜ್ಞನಿಗೆ ಒಳಗಣ ಕಾರಣವು ಇಂಥದೆಂದು ಹೆಸರಿಟ್ಟು ತೋರಿಸುವುದೇ ಕೆಲಸ. ಭವಭೂತಿಯಾದರೋ ಬೇಕೆಂದೇ ಹೆಸರಿಡನು. ಇದೇ ಪದ್ಯವು ಮಾಲತೀಮಾಧವದಲ್ಲಿಯೂ ಉಂಟು. ಅಲ್ಲಿ ಅದು ಪ್ರಣಯಕ್ಕೆ ಸಂದ ಮಾತು. ಇಲ್ಲಿಯಾದರೆ 'ಯಾವುದೋ ಒಂದು' ಎಂಬ ಅನಿಶ್ಚಯದ ಮೇಲೆಯೇ ರಸವೆಲ್ಲವೂ ನಿಂತಿದೆ: ಎದುರಿಗಿರುವ ಲವನು ತನ್ನ ಮಗನೆಂದು ರಾಮನು ಅರಿಯನು, ಸಭಿಕರು ಅರಿತಿರುವರು.