‘ಅಡ್ಡಾಡು’: ಗಡಿಸೀಮೆಯ ಒಂದು ಕ್ರಿಯಾಪದದ ಅರ್ಥವಿಚಾರ

ಸಮಾನಾರ್ಥಕವೊಂದನ್ನು ಕೊಟ್ಟ ಮಾತ್ರಕ್ಕೆ ಪದದ ಅರ್ಥ ಪೂರ್ಣವಾಗಿ ದಕ್ಕಿತೆಂದು ಭಾವಿಸಲಾಗದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ವ್ಯಾಪಕವಾಗಿರುವ ‘ಅಡ್ಡಾಡು’ ಇದಕ್ಕೆ ನಿದರ್ಶನ. ‘ವಿರಾಮವಾಗಿ ನಡೆದಾಡು’, ‘ವಾಯುವಿಹಾರ ಮಾಡು’ ಎಂಬ ವಿವರಣೆಗಳು ತಪ್ಪಲ್ಲ. ಆದರೆ ಅರ್ಧ ಮಾತ್ರ.

ಪದರಚನೆಯಲ್ಲಿ ‘ಅಡ್ಡ’ ಮತ್ತು ‘ಆಡು’ ಸ್ಪಷ್ಟವಾಗಿ ಕಾಣುತ್ತವೆ. ಓಡಾಡು, ಸುತ್ತಾಡು, ತಿರುಗಾಡು, ಅಲೆದಾಡು ಎಂಬ ರೂಪಗಳಲ್ಲಿ ‘ಆಡು’ ಆಟವನ್ನು ಹೇಳುವುದಿಲ್ಲ. ಕ್ರಿಯೆಯ ಮರುಕಳಿಕೆಯನ್ನು ಸೂಚಿಸುತ್ತದೆ. ‘ಅಡ್ಡ’ವಾದರೋ ನೇರಕ್ಕೆ ಎದುರು. ಆದ್ದರಿಂದ ಅಡ್ಡಾಡುವುದೆಂದರೆ ಮೂಲತಃ ಅತ್ತಿತ್ತ ಮತ್ತೆ ಮತ್ತೆ ಹೋಗಿಬರುವುದು. ವಿರಾಮವು ಸಂದರ್ಭ ನೀಡಿದ ಛಾಯೆ. ‘ಉಂಡು ಒಂದೀಟು ಅಡ್ಡಾಡಿ ಬರೂಣು’ ಎಂಬಲ್ಲಿ ಅದು ಇದೆ. ‘ಕಚೇರಿಗೆ ಅಡ್ಡಾಡಿ ಅಡ್ಡಾಡಿ ಸಾಕಾತು’ ಎಂಬಲ್ಲಿ ಉಳಿಯುವುದು ದಣಿವು. ಈ ಎರಡನೆಯ ವಾಕ್ಯದೊಳಗೆ ‘ವಾಯುವಿಹಾರ’ಕ್ಕೆ ಪ್ರವೇಶವಿಲ್ಲ.

ದ್ವಿಭಾಷಿಕ ಸೀಮೆಯಲ್ಲಿ ಈ ವಿವೇಚನೆಗೆ ಮತ್ತೊಂದು ಆಯಾಮ ಒದಗುತ್ತದೆ. ಉಂಡವಳ್ಳಿಯಿರುವ ಪ್ರದೇಶ ಕೃಷ್ಣಾ–ತುಂಗಭದ್ರೆಗಳ ನಡುವಿನ ನಡಿಗಡ್ಡೆ. ಇಲ್ಲಿನ ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಇಲ್ಲಿನ ಇನ್ನೊಂದು ಭಾಷೆಯಾದ ತೆಲುಗಿನಲ್ಲಿ ವಿರಾಮದ ಸುತ್ತಾಟಕ್ಕೆ ‘ಷಿಕಾರು’ ಎಂಬ ಮಾತಿದೆ. ಪಾರಸಿಯಲ್ಲಿ ಅದರ ಅರ್ಥ ಬೇಟೆ. ತೆಲುಗಿನ ಈ ಬಳಕೆಯಲ್ಲಿ ಬೇಟೆ ಮರೆಯಾಗಿ, ಹೊರಸಂಚಾರದ ಉಲ್ಲಾಸ ಉಳಿದಿದೆ. ಕನ್ನಡದ ‘ಶಿಕಾರಿ’ ಬೇಟೆಯನ್ನು ಬಿಟ್ಟುಕೊಟ್ಟಿಲ್ಲ. ಇನ್ನೊಂದೆಡೆ ‘ಅಡ್ಡ’ ಮತ್ತು ‘ಆಡು’ಗಳ ಜ್ಞಾತಿರೂಪಗಳು ತೆಲುಗಿನಲ್ಲೂ ಜೀವಂತವಾಗಿವೆ. ಅಂದರೆ ಅರ್ಥ ಕೂಡುವಲ್ಲಿ ಮೂಲ ಬೇರೆ. ಮೂಲ ಕೂಡುವಲ್ಲಿ ರೂಢಿಯ ಪದ ಬೇರೆ.

ಗಡಿನಾಡ ಕನ್ನಡವನ್ನು ‘ತೆಲುಗು ಪ್ರಭಾವಿತ’ ಎಂಬ ಒಂದೇ ಶೀರ್ಷಿಕೆಯಡಿ ಇರಿಸುವ ವಿಮರ್ಶಾರೂಢಿ ಇಲ್ಲಿ ಸೋಲುತ್ತದೆ. ಕೊಟ್ಟವರು ಯಾರು, ಕೊಂಡವರು ಯಾರು ಎಂಬ ಲೆಕ್ಕಾಚಾರಕ್ಕೆ ಒಗ್ಗದ ನೆರೆಹೊರೆತನವೊಂದು ಈ ಪದಗಳ ನಡುವೆ ಇದೆ. ಅದನ್ನು ಹಿಡಿಯಬೇಕಾದರೆ ಕ್ಷೇತ್ರಕಾರ್ಯವು ಪದಪಟ್ಟಿಗಳ ಬದಲು ವಾಕ್ಯಗಳನ್ನು ಸಂಗ್ರಹಿಸಬೇಕು. ಗಡಿ ಸರಿದಾಗ ಜಿಲ್ಲಾ ಕೇಂದ್ರ ಬದಲಾಯಿತು. ಕಚೇರಿಯ ಭಾಷೆಯೂ ಬದಲಾಯಿತು. ಅಂಥ ನೆಲದ ‘ಅಡ್ಡಾಡು’ವಿಗೆ ವಿರಾಮದ ಅರ್ಥವನ್ನಷ್ಟೇ ಬರೆದುಕೊಳ್ಳುವ ಪದಕೋಶ, ನಡೆದು ದಣಿದವರ ವಾಕ್ಯವನ್ನು ದಾಖಲೆಯಿಂದ ಹೊರಗಿಡುತ್ತದೆ.