ಅಗಸ ಓದಿ ಅಗಸಿ ಅಂದವಳು

ಸಿಂದಗಿ ತಾಲೂಕಿನ ಒಂದು ಸರಕಾರಿ ಸಾಲಿ. ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಅಕ್ಕೋರು ಒಂದನೇ ತರಗತಿಯ ಹುಡುಗಿಯ ಪಾಟಿಯಲ್ಲಿ ‘ಅಗಸ’ ಅಂತ ಬರೆದರು. ಅವಳು ಬೆರಳಿಟ್ಟು ‘ಅ... ಗ... ಸ...’ ಅಂದಳು. ‘ಕೂಡಿಸಿ ಓದವ್ವಾ’ ಅಂದಾಗ ಒಂದು ಗಳಿಗೆ ಸುಮ್ಮನಿದ್ದು, ಮುಖ ಅರಳಿಸಿ, ‘ಅಗಸಿ!’ ಅಂದಳು.

‘ಅಗಸಿ ಅಲ್ಲವ್ವಾ, ಅಗಸ.’

‘ಅಗಸ’ ಅಂದಳು ಹುಡುಗಿ. ಸರಿಯಾಗೇ ಅಂದಳು. ಆದರೆ ಅರಳಿದ್ದ ಮುಖ ಮತ್ತೆ ಮೊದಲಿನಂತಾಯ್ತು.

ಮೈಸೂರು ಕಡೆಯ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಅಗಸಿ ಅಂದ್ರೆ ಊರ ಹೆಬ್ಬಾಗಿಲು. ಮದುವೆ ದಿಬ್ಬಣ ಬರೋದು ಅಗಸಿಯಿಂದ, ಮುದುಕರು ಹರಟೆ ಹೊಡೆಯೋದು ಅಗಸಿ ಕಟ್ಟೆಯ ಮೇಲೆ. ಆ ಹುಡುಗಿಗೆ ಅಗಸ ಗೊತ್ತಿರಲಿಕ್ಕಿಲ್ಲ, ಅಗಸಿ ದಿನಾ ದಾಟುವ ಜಾಗ. ಮೂರು ಅಕ್ಷರ ಬಿಡಿಸಿದಳು, ಅವು ಸೇರಿದರೆ ಏನೋ ಒಂದು ಅರ್ಥ ಆಗಬೇಕು ಅಂತ ಹುಡುಕಿದಳು, ತನ್ನ ಊರಿನಲ್ಲೇ ಅದನ್ನು ಕಂಡಳು. ನಾನು ಓದು ಅನ್ನೋದು ಇದಕ್ಕೇ. ಎರಡನೇ ಸಲ ‘ಅಗಸ’ ಅಂದದ್ದು ಬರೀ ಉಚ್ಚಾರ.

ಅಕ್ಕೋರನ್ನು ಬಯ್ಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಮೂರು ತರಗತಿ, ಒಬ್ಬರೇ ಶಿಕ್ಷಕಿ, ಅತ್ತ ಎರಡು ಗುಂಪು ಜಗಳಕ್ಕೆ ಬಿದ್ದಿವೆ. ಆ ಗಳಿಗೆಯಲ್ಲಿ ಯಾರಾದರೂ ಹಾಗೇ ತಿದ್ದುತ್ತಿದ್ದರು. ನನ್ನ ತಕರಾರು ಬೇರೆ. ಇಂಥ ತಪ್ಪಿನ ಬೆಲೆ ಏನು ಅಂತ ಅವರ ಜೊತೆ ಕೂತು ಮಾತಾಡಿದವರು ಯಾರಾದರೂ ಇದ್ದಾರೆಯೇ?

ನಲಿ-ಕಲಿಯನ್ನು ಬಯ್ಯುವುದು ಈಗ ಸುಲಭ. ಹಾಗಾಗಿ ಮೊದಲು ಅದರ ಒಳ್ಳೆಯದನ್ನು ಹೇಳುತ್ತೇನೆ. ಇದು 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯವರು ತಮ್ಮ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸುತ್ತಿದ್ದುದನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕೂತು ಕನ್ನಡಕ್ಕೆ ಕಾರ್ಡು ಬರೆದರು. ಯುನಿಸೆಫ್ ನೆರವು ಕೊಟ್ಟಿತು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು. ಶಿಕ್ಷಕರು ಶಿಕ್ಷಕರಿಗಾಗಿ ಮಾಡಿದ್ದು ಅನ್ನೋದೇ ಅದರ ದೊಡ್ಡ ಗುಣ.

ಅದರ ಅಕ್ಷರಗಳ ಸಾಲು ‘ಅ ಆ ಇ ಈ’ ಅಲ್ಲ. ‘ರ ಗ ಸ ದ ಅ’. ಊರಲ್ಲಿ ಅಪ್ಪಂದಿರು ಕೇಳುತ್ತಾರೆ: ‘ಏನ್ರೀ ಅಕ್ಕೋರ, ನಮ್ಮ ಹುಡುಗಗ ಅ ಆ ಇ ಈ ಸುದ್ದಾ ಬರೂದಿಲ್ಲಲ್ರೀ?’ ಉತ್ತರ ಬಹಳ ಸರಳ ಇದೆ. ಸ್ವರಗಳನ್ನೆಲ್ಲ ಕಲಿತು ಮುಗಿಸಿದರೂ ‘ಆ’, ‘ಈ’ ಬಿಟ್ಟರೆ ಓದಲಿಕ್ಕೆ ಪದ ಸಿಗೋದು ಕಷ್ಟ. ರ ಗ ಸ ದ ಅ ಐದೇ ಕಲಿತರೆ ಸರ, ರಸ, ದರ, ಅರಸ, ಗರಗಸ ಅಂತ ವಾರದಲ್ಲೇ ಓದಬಹುದು. ಬರೆಯಲಿಕ್ಕೂ ಆ ಗುಂಡು ಗುಂಡು ಆಕಾರಗಳು ಒಂದರಿಂದೊಂದು ಹುಟ್ಟುತ್ತವೆ.

ಇನ್ನೊಂದು ಗುಣ ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದಂಥದ್ದು. ಇಲ್ಲಿ ದೀಪಾವಳಿ ಸುತ್ತಮುತ್ತ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ. ಕಬ್ಬು ಕಡಿಯಲಿಕ್ಕೆ ಮಹಾರಾಷ್ಟ್ರ, ಕೂಲಿಗೆ ಗೋವಾ, ಪುಣೆ. ಮಕ್ಕಳೂ ಗುಳೆ ಹೋಗುತ್ತವೆ. ಪಾಠಪುಸ್ತಕದ ತರಗತಿಯಲ್ಲಿ ಹೋಗಿ ಬಂದ ಮಗು ಹಿಂದೆ ಬಿದ್ದ ಮಗು. ನಲಿ-ಕಲಿಯ ಕಲಿಕಾ ಏಣಿಯಲ್ಲಿ ಹಾಗಿಲ್ಲ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಕಾಗದದ ಮೇಲೆ ಇಷ್ಟು ದಯೆ ಇರುವ ಪದ್ಧತಿ ನಾನು ಬೇರೆ ನೋಡಿಲ್ಲ.

ಹಾಗಿದ್ದರೆ ಎಲ್ಲಿ ಕೆಟ್ಟಿತು? ಪದ್ಧತಿಯನ್ನು ಹುಟ್ಟಿಸಿದ ಶಿಕ್ಷಕರು ಅದರ ‘ಯಾಕೆ’ ತಿಳಿದವರು. ರಾಜ್ಯಕ್ಕೆಲ್ಲ ಹಂಚುವಾಗ ‘ಹೇಗೆ’ ಮಾತ್ರ ಹೋಯಿತು. ತರಬೇತಿಯಲ್ಲಿ ಕಾರ್ಡು ಹೇಗೆ ಜೋಡಿಸಬೇಕು, ಗುಂಪು ಹೇಗೆ ಮಾಡಬೇಕು, ಪ್ರಗತಿ ನೋಟ ಹೇಗೆ ತುಂಬಬೇಕು ಅಂತ ಹೇಳುತ್ತಾರೆ. ನೋಡಲು ಬಂದವರು ತುಂಬಿದೆಯೇ ಅಂತ ನೋಡುತ್ತಾರೆ. ರ ಗ ಸ ದ ಅ ಯಾಕೆ ಅಂತ ನಾನು ಮಾತಾಡಿಸಿದ ಶಿಕ್ಷಕರಲ್ಲಿ ಬಹಳ ಮಂದಿಗೆ ಯಾರೂ ಹೇಳಿರಲಿಲ್ಲ. ಜೂನ್ ಕಳೆದ ಮೇಲೆ ಬಂದು ಬೇಸಿಗೆಗೆ ಹೋಗುವ ಅತಿಥಿ ಶಿಕ್ಷಕರ ಕತಿಯಂತೂ ಕೇಳೋದೇ ಬೇಡ. ಕಾರಣ ಗೊತ್ತಿಲ್ಲದವರ ಕೈಯಲ್ಲಿ ಒಳ್ಳೆಯ ಕಾರ್ಡೂ ನಮೂನೆ ಅರ್ಜಿಯೇ. ಅಪ್ಪಂದಿರ ಪ್ರಶ್ನೆಗೆ ಅಕ್ಕೋರು ‘ಮ್ಯಾಲಿನವರು ಹಂಗ ಮಾಡ್ಯಾರ್ರೀ’ ಅಂತಾರೆ. ಮುಂದಿನ ವರ್ಷ ಆ ಹುಡುಗ ಖಾಸಗಿ ಸಾಲಿಯ ವ್ಯಾನಿನಲ್ಲಿ ಕೂತಿರುತ್ತಾನೆ.

ಭಾಷೆಯ ವಿಷಯದಲ್ಲಿ ಈ ಕೊರತೆ ಇನ್ನೂ ಚುಚ್ಚುತ್ತದೆ. ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರ ಆಗುತ್ತದೆ. ಮನೆ ಮನಿ, ಎಲೆ ಎಲಿ, ಕತೆ ಕತಿ, ಶಾಲೆ ಸಾಲಿ. ಇದು ತಪ್ಪಲ್ಲ, ನಿಯಮ. ‘ಮನೆ’ ಅಂತ ಬರೆದದ್ದನ್ನು ಮಗು ‘ಮನಿ’ ಅಂತ ಓದಿದರೆ ಅದು ಆ ಪದವನ್ನು ಗುರುತಿಸಿ, ಅರ್ಥ ಮಾಡಿಕೊಂಡು, ತನ್ನ ನಾಲಿಗೆಗೆ ತಂದುಕೊಂಡಿದೆ. ‘ಮನ’ ಅಂತ ಓದಿದರೆ ಎತ್ವವನ್ನು ನೋಡಿಲ್ಲ. ಎರಡೂ ಬೇರೆ ಬೇರೆ ಸಂಗತಿ. ಶಿಕ್ಷಕರಿಗೆ ಈ ವ್ಯತ್ಯಾಸ ಹಿಡಿಯಲು ಕಲಿಸಿದರೆ ಅದಕ್ಕಿಂತ ದೊಡ್ಡ ತರಬೇತಿ ಬೇಕಾಗಿಲ್ಲ. ಕಲಿಸದಿದ್ದರೆ ಎರಡಕ್ಕೂ ಒಂದೇ ಕೆಂಪು ಗೆರೆ.

2021ರಲ್ಲಿ ಕೇಂದ್ರ ಸರಕಾರ ನಿಪುಣ್ ಭಾರತ್ ತಂದಿತು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ತಿಳಿದು ಓದಬೇಕು ಅನ್ನೋದು ಅದರ ಗುರಿಗಳಲ್ಲೊಂದು. ಗುರಿ ಇರಬೇಕು, ಬೇಡ ಅನ್ನೋದಿಲ್ಲ. ಆದರೆ ಕನ್ನಡದಲ್ಲಿ ‘ಮನೆಯಲ್ಲಿದ್ದವರೆಲ್ಲ’ ಅನ್ನೋದು ಒಂದೇ ಪದ. ಹಿಂದಿಯಲ್ಲಿ ಅದನ್ನು ಹೇಳಲು ನಾಲ್ಕಾರು ಪದ ಬೇಕು. ಮರುವರ್ಷ ಎನ್‌ಸಿಇಆರ್‌ಟಿ ಮಾಡಿದ ಬುನಾದಿ ಕಲಿಕೆಯ ಅಧ್ಯಯನ ಭಾಷೆಗೊಂದು ಅಳತೆ ಇಟ್ಟದ್ದು ಇದಕ್ಕೇ. ಆದರೆ ಕೋಣೆಗೆ ಮುಟ್ಟೋದು 60 ಅನ್ನುವ ಅಂಕಿ. ಕೈಯಲ್ಲಿ ಗಡಿಯಾರ ಹಿಡಿದವರು ‘ಮನಿ’ಯನ್ನೂ ತಪ್ಪಿನ ಲೆಕ್ಕಕ್ಕೆ ಹಾಕಿದರೆ ಸಿಂದಗಿಯ ಮಗು ಶುರುವಾಗುವ ಮೊದಲೇ ಸೋತಂತೆ.

‘ಹಂಗಾದ್ರ ಪುಸ್ತಕದಾಗೂ ಮನಿ ಅಂತ ಬರೀಬೇಕೇನ್ರೀ? ಮುಂದ ಎಸ್ಸೆಸ್ಸೆಲ್ಸಿ ಹೆಂಗ ಬರೀತಾವ?’ ಅಂತ ಹಿರಿಯ ಮಾಸ್ತರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಗ್ರಂಥದ ಕನ್ನಡ ಮಗುವಿಗೆ ಬೇಕೇ ಬೇಕು, ಅದು ಅದರ ಹಕ್ಕು. ನಾನು ಹೇಳುವುದು ಮೊದಲ ಮೆಟ್ಟಿಲಿನ ಬಗ್ಗೆ. ‘ಮನಿ’ ಅಂತ ಓದಿದ ಮಗುವಿಗೆ ‘ಹೌದವ್ವಾ, ನಾವು ಮನಿ ಅಂತೀವಿ, ಬರೆಯೋವಾಗ ಮನೆ ಅಂತ ಬರೀತೀವಿ’ ಅಂದರೆ ಎರಡೂ ಕನ್ನಡ ಅದರವೇ ಆಗುತ್ತವೆ. ‘ತಪ್ಪು’ ಅಂದರೆ ಅವ್ವ ಆಡುವ ಮಾತೇ ತಪ್ಪು ಅಂತ ಅದು ತಿಳಿಯುತ್ತದೆ. ಆಮೇಲೆ ಬಾಯಿ ಬಿಡುವುದೇ ಇಲ್ಲ.

ಈ ಮಾತಿನ ಬೆಲೆ ಕಂಡವರು ನಮ್ಮ ಜಿಲ್ಲೆಯಲ್ಲೇ ಇದ್ದರು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದುದನ್ನು ಬರೆದುಕೊಂಡು ಇದೂ ಸಾಹಿತ್ಯ ಅಂತ ನಾಡಿಗೆ ತೋರಿಸಿದರು. ಅವರಲ್ಲೊಬ್ಬರಾದ ಚಡಚಣದ ಸಿಂಪಿ ಲಿಂಗಣ್ಣನವರು ಸಾಲಿ ಮಾಸ್ತರರೇ. ಸಿಂದಗಿಯಲ್ಲೇ ಹ.ಮ. ಪೂಜಾರ ಅವರು ಮಕ್ಕಳಿಗಾಗಿ ಬರೆದರು, ವಿದ್ಯಾಚೇತನ ಪ್ರಕಾಶನದಿಂದ ಮಕ್ಕಳ ಪುಸ್ತಕ ತಂದರು. ಹಾಡು, ಒಗಟು, ಗಾದೆ ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ನಾನು ಹೋದ ಕೋಣೆಯ ಕಾರ್ಡುಗಳಲ್ಲಿ ಅಗಸಿ ಇರಲಿಲ್ಲ. ಪುಸ್ತಕಗಳಿದ್ದವು, ಮುಖ್ಯ ಗುರುಗಳ ಕೋಣೆಯ ಅಲಮಾರಿಯಲ್ಲಿ. ಕೀಲಿ ಯಾಕೆ ಅಂದರೆ, ‘ಹರದ್ರ ಲೆಕ್ಕ ಕೊಡಬೇಕಾಕ್ಕತಿ’ ಅಂದರು.

ಶಿಕ್ಷಕರಿಗೆ ನೆರವು ಅಂದಕೂಡಲೇ ನಮಗೆ ಸಾಮಾನು ನೆನಪಾಗುತ್ತದೆ. ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಕಲಿಕೋಪಕರಣಕ್ಕೆ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕೊಡುತ್ತಿದ್ದರು. ಅದರಲ್ಲಿ ಥರ್ಮಾಕೋಲು, ಬಣ್ಣದ ಕಾಗದ ಬಂದು ಗೋಡೆಯ ಮೇಲೆ ಧೂಳು ತಿಂದವು. ನಾನು ಕೇಳೋದಕ್ಕೆ ಅಷ್ಟೂ ಖರ್ಚಿಲ್ಲ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಒಂದು ತಾಸು ಸುತ್ತೋಲೆ ಓದುವುದನ್ನು ಬಿಡಿ. ಪ್ರತಿ ಶಿಕ್ಷಕರೂ ತಮ್ಮ ಮಕ್ಕಳು ಮಾಡಿದ ಎರಡು ತಪ್ಪುಗಳನ್ನು ತರಲಿ, ಮಗು ಯಾಕೆ ಹಾಗೆ ಓದಿತು ಅಂತ ಎಲ್ಲರೂ ಕೂಡಿ ಯೋಚಿಸಲಿ. ಸಿಆರ್‌ಪಿಯವರು ವಹಿ ನೋಡುವ ಮೊದಲು ಹತ್ತು ನಿಮಿಷ ಒಂದು ಗುಂಪಿನಲ್ಲಿ ಕೂತು ಓದಿಸಲಿ. ಊರಿನ ಮಾತಿನಲ್ಲಿ ಹತ್ತು ಕಾರ್ಡು ಬರೆದು ಏಣಿಗೆ ಸೇರಿಸುವ ಅಧಿಕಾರ ಶಿಕ್ಷಕರಿಗೆ ಇರಲಿ. ಅಲಮಾರಿಯ ಕೀಲಿ ತೆಗೀರಿ; ಹರಿದ ಪುಸ್ತಕ ಓದಿದ ಪುಸ್ತಕ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆ ಅಕ್ಕೋರಿಗೆ ಅಗಸಿಯ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಖರೇ ಅದ್ರೀ. ನಾನೂ ದಿನಾ ಅದ ಅಗಸಿ ದಾಟಿ ಬರ್ತೀನಿ, ನನಗ ಹೊಳೀಲಿಲ್ಲ’ ಅಂದರು. ಆಮೇಲೆ ಕೇಳಿದರು: ‘ಆದ್ರ ಗುಡಿಸಿನ ಗುರುತು ಇನ್ನೂ ಮುಂದ ಅದ. ಈಗ ಅಗಸಿ ಅಂತ ಬರದು ತೋರಿಸಿದ್ರ ನಡೀತದೇನ್ರೀ? ಯಾರೂ ಏನೂ ಅನ್ನೂದಿಲ್ಲಲ್ರೀ?’

ಇಪ್ಪತ್ತು ವರ್ಷ ಕಲಿಸಿದ ಶಿಕ್ಷಕಿ, ಒಂದು ಪದ ಬರೆಯಲಿಕ್ಕೆ ದಾರಿಹೋಕನಾದ ನನ್ನನ್ನು ಕೇಳುತ್ತಿದ್ದರು.