ಮೊದಲ ತೊಂಬತ್ತು ಸೆಕೆಂಡು

ಹದಿಹರೆಯದವರ ಬಗ್ಗೆ ವಿದ್ಯಾರ್ಥಿಗಳೇ ಮಾಡುವ ಕಿರುಚಿತ್ರಗಳನ್ನು ಸಾಲಾಗಿ ನೋಡುತ್ತಾ ಹೋದರೆ ಅವುಗಳ ಆರಂಭ ಎರಡೇ ಜಾಡುಗಳಲ್ಲಿ ಸಾಗುವುದು ಕಣ್ಣಿಗೆ ಬೀಳುತ್ತದೆ. ಒಂದರಲ್ಲಿ ಮೊಬೈಲಿನ ಅಲಾರಂ ಹೊಡೆದುಕೊಳ್ಳುತ್ತದೆ, ಹೊದಿಕೆಯೊಳಗಿಂದ ಕೈಯೊಂದು ಬಂದು ಅದನ್ನು ಆರಿಸುತ್ತದೆ. ಆಮೇಲೆ ಹಲ್ಲುಜ್ಜುವುದು, ಇಸ್ತ್ರಿ ಮಾಡಿದ ಯೂನಿಫಾರ್ಮು, ಅಡುಗೆಮನೆಯಿಂದ ಅಮ್ಮನ ಕೂಗು, ಬಸ್‌ಸ್ಟಾಪು. ಇನ್ನೊಂದರಲ್ಲಿ ಹಿನ್ನೆಲೆಯ ದನಿಯೊಂದು ಹಳೆಯ ದಿನಗಳನ್ನು ನೆನೆಯುತ್ತದೆ. ಗೆಳೆಯರು ಒಬ್ಬೊಬ್ಬರಾಗಿ ನಡೆದು ಬಂದಂತೆ ಚಿತ್ರ ಗಕ್ಕನೆ ನಿಂತು ಪಕ್ಕದಲ್ಲಿ ಅವರವರ ಹೆಸರು ಮೂಡುತ್ತದೆ. ಊರು ಚೆನ್ನೈ ಆದರೆ ಎಲಿಯಟ್ಸ್ ಬೀಚಿನ ಬೆಳಗು, ಎಂ.ಟಿ.ಸಿ. ಬಸ್ಸಿನ ಫುಟ್‌ಬೋರ್ಡು ಇದರ ಜೊತೆ ಸೇರಿಕೊಳ್ಳುತ್ತವೆ. 10 ನಿಮಿಷದ ಚಿತ್ರದಲ್ಲಿ ಇಷ್ಟಕ್ಕೆ 90 ಸೆಕೆಂಡು ಹೋದರೆ ನೂರಕ್ಕೆ 15ರಷ್ಟು ಚಿತ್ರ ಮುಗಿದೇ ಹೋಯಿತು, ಕಥೆ ಇನ್ನೂ ಹೊಸಿಲು ದಾಟಿಲ್ಲ. ಇಂಥ ಆರಂಭ ಸವೆದುಹೋಗಿದೆ ಎಂಬುದು ಚಿಕ್ಕ ದೂರು. ದೊಡ್ಡ ದೂರು ಬೇರೆಯೇ ಇದೆ. ಹದಿನಾರು ಹದಿನೇಳರ ಬದುಕಿನ ಮುಖ್ಯ ಸಂಗತಿಯನ್ನೇ ಇದು ಹೊರಗಿಡುತ್ತದೆ. ಆ ವಯಸ್ಸು ಸದಾ ಯಾರದೋ ಕಣ್ಣಿನ ಕೆಳಗೆ ಇರುವ ವಯಸ್ಸು: ಮೇಷ್ಟರ ಕಣ್ಣು, ಅಪ್ಪನ ಕಣ್ಣು, ಎದುರುಮನೆಯವರ ಕಣ್ಣು, ಜೊತೆಯವರ ಕಣ್ಣು, ಈಗೀಗ ಫೋನಿನ ಕಣ್ಣು. ಆದ್ದರಿಂದ ಇಂಥ ಚಿತ್ರದ ಮೊದಲ ದೃಶ್ಯವನ್ನು ಯೋಜಿಸಲು ಕೂತವರು, ನಾಯಕ ಯಾರು, ಅವನ ಗೆಳೆಯರು ಎಷ್ಟು ಜನ ಎಂದು ಪಟ್ಟಿ ಮಾಡುವುದಕ್ಕೂ ಮೊದಲು, ಇಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ, ಯಾರು ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ವಾದ.

ಇದಕ್ಕೆ ಕನ್ನಡದಲ್ಲೇ ಗಟ್ಟಿಯಾದ ಸಾಕ್ಷಿ ಇದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದು, ಕಥೆ ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಬಂದದ್ದು. ಅಷ್ಟು ದೊಡ್ಡ ಹರಹಿನ ಕಥೆಯನ್ನು ಕೈಯಲ್ಲಿಟ್ಟುಕೊಂಡ ನಿರ್ದೇಶಕ ಶುರು ಮಾಡಿದ್ದು ಎಲ್ಲಿಂದ? ಪರೀಕ್ಷೆಯ ಕೊಠಡಿಯಿಂದ. ನಾಯಕ ರಾಮಾಚಾರಿ ಕಾಪಿ ಹೊಡೆಯಲು ಹೋಗಿ ಸಿಕ್ಕಿಬೀಳುತ್ತಾನೆ. ಪ್ರಿನ್ಸಿಪಾಲರು ಅವನನ್ನು ಅವಮಾನ ಮಾಡಿ ಹೊರಗೆ ಹಾಕುತ್ತಾರೆ. ಅದೇ ರಾತ್ರಿ ಅವನು ಅವರ ಮನೆಗೆ ಕಲ್ಲು ತೂರುತ್ತಾನೆ, ಎದ್ದು ಬಂದವರನ್ನು ಕಂಬಕ್ಕೆ ಕಟ್ಟಿಹಾಕಿ, ಉಟ್ಟ ಪಂಚೆ ಕಿತ್ತುಕೊಂಡು ಓಡುತ್ತಾನೆ. ಇಷ್ಟರಲ್ಲಿ ನಮಗೆ ಅವನ ಮನೆ ಹೇಗಿದೆ, ತಂದೆತಾಯಿ ಎಂಥವರು, ಪ್ರೀತಿಸುವ ಹುಡುಗಿ ಇದ್ದಾಳೋ ಇಲ್ಲವೋ ಒಂದೂ ತಿಳಿದಿರುವುದಿಲ್ಲ. ಆದರೆ ಮುಂದಿನ ಚಿತ್ರಕ್ಕೆ ಬೇಕಾದದ್ದೆಲ್ಲ ತಿಳಿದಾಗಿರುತ್ತದೆ. ಈ ಹುಡುಗ ತಪ್ಪು ಮಾಡಿದ್ದಕ್ಕೆ ನಾಚುವವನಲ್ಲ, ನಾಲ್ಕು ಜನರ ಎದುರು ತಲೆ ತಗ್ಗಿಸುವ ಹಾಗಾಯಿತಲ್ಲ ಎಂದು ಕುದಿಯುವವನು. ತನಗೆ ಕೊಟ್ಟದ್ದನ್ನೇ ತಿರುಗಿ ಕೊಡುತ್ತಾನೆ: ಅವನ ಮಾನ ಹೋದದ್ದು ಎಲ್ಲರ ಕಣ್ಣೆದುರು, ಅವನು ತೆಗೆದದ್ದೂ ಮಾನವನ್ನೇ. ಆಮೇಲೆ ಚಾಮಯ್ಯ ಮೇಷ್ಟರು ಬರುತ್ತಾರೆ. ಇಡೀ ಚಿತ್ರದುರ್ಗದಲ್ಲಿ ಅವನು ತಲೆ ಬಾಗುವ ಕಣ್ಣು ಅದೊಂದೇ. ಮೊದಲ ದೃಶ್ಯದಲ್ಲಿ ಒಬ್ಬ ಗುರುವಿನ ನೋಟ ಅವನನ್ನು ಸುಟ್ಟಿರದಿದ್ದರೆ ಇನ್ನೊಬ್ಬ ಗುರುವಿನ ನೋಟಕ್ಕೆ ಆ ಬಲ ಬರುತ್ತಿರಲಿಲ್ಲ. ಕೊನೆಗೆ ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ಅವನು ಕಳೆದುಕೊಳ್ಳುವುದರ ಭಾರವೂ ನಮಗೆ ತಟ್ಟುತ್ತಿರಲಿಲ್ಲ. ಆರಂಭ ಎಂದರೆ ಪರಿಚಯಪತ್ರವಲ್ಲ, ಚಿತ್ರವಿಡೀ ನಿಲ್ಲುವ ತಳಪಾಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಇದು ಪುಟ್ಟಣ್ಣನವರೊಬ್ಬರ ಜಾಣ್ಮೆಯಷ್ಟೇ ಎನ್ನುವಂತಿಲ್ಲ. ಅದಕ್ಕೂ 13 ವರ್ಷ ಮೊದಲು ಫ್ರಾನ್ಸಿನಲ್ಲಿ ಫ್ರಾನ್ಸ್ವಾ ತ್ರೂಫೋ ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರ ‘ದ 400 ಬ್ಲೋಸ್’ (1959) ಮಾಡಿದಾಗಲೂ ಕಥೆ ಹೊತ್ತಿಕೊಂಡದ್ದು ತರಗತಿಯಲ್ಲೇ. ಟೈಟಲ್‌ಗಳ ಹಿಂದೆ ಪ್ಯಾರಿಸ್ಸಿನ ಬೀದಿಗಳು ಸರಿಯುತ್ತವೆ, ಐಫೆಲ್ ಗೋಪುರ ಕಟ್ಟಡಗಳ ನಡುವೆ ಇಣುಕುತ್ತದೆ. ಅದು ಮುಗಿದದ್ದೇ ತಡ, ಬೆಂಚಿನಿಂದ ಬೆಂಚಿಗೆ ಹುಡುಗಿಯ ಚಿತ್ರವೊಂದು ಕೈಬದಲಾಗುತ್ತಾ ಬರುತ್ತದೆ. ಎಷ್ಟೋ ಕೈ ದಾಟಿ ಬಂದದ್ದು ಆಂತ್ವಾನ್ ಎಂಬ ಹುಡುಗನ ಕೈಯಲ್ಲಿರುವಾಗ ಮೇಷ್ಟರಿಗೆ ಸಿಗುತ್ತದೆ. ತಪ್ಪು ತರಗತಿಯದು, ಶಿಕ್ಷೆ ಒಬ್ಬನಿಗೆ. ಅವನ ಇಡೀ ಕಥೆಯೇ ಹಾಗೆ. ಇತ್ತ 2022ಕ್ಕೆ, ಎಂದರೆ ‘ನಾಗರಹಾವು’ ಬಂದು ಸರಿಯಾಗಿ 50 ವರ್ಷಕ್ಕೆ, ಪೃಥ್ವಿ ಕೊಣನೂರರ ‘ಹದಿನೇಳೆಂಟು’ ಬಂತು. ಅಲ್ಲಿಯೂ ಕಥೆಯ ಕಿಡಿ ಕಾಲೇಜಿನ ತರಗತಿ ಕೋಣೆಯೇ. ಆದರೆ ಅಲ್ಲಿ ನೋಡುತ್ತಿರುವುದು ಮೇಷ್ಟರಲ್ಲ, ಅಲ್ಲಿ ಓದುವ ಒಬ್ಬ ಹುಡುಗ, ಒಬ್ಬಳು ಹುಡುಗಿಯದೇ ಫೋನು. ತಮಗೆಂದು ತೆಗೆದುಕೊಂಡ ವಿಡಿಯೊ ಊರಿನ ಕಣ್ಣಾಗಿ ತಿರುಗಿ ಬರುತ್ತದೆ. ಆಡಳಿತ ಮಂಡಳಿ, ವಿಚಾರಣೆ, ಜಾತಿಯ ಲೆಕ್ಕ ಎಲ್ಲವೂ ಅದರ ಬೆನ್ನಿಗೆ. ಮೂರು ಕಾಲ, ಎರಡು ದೇಶ, ಮೂರು ಬಗೆಯ ಕಣ್ಣು. ಹದಿಹರೆಯವನ್ನು ಗಂಭೀರವಾಗಿ ತೆಗೆದುಕೊಂಡ ನಿರ್ದೇಶಕರು ಸಿಕ್ಕಿಬೀಳುವ ಗಳಿಗೆಗೆ ಮತ್ತೆ ಮತ್ತೆ ಬರುವುದು ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ.

ಹಾಗಾದರೆ ನಿದ್ದೆಯಿಂದ ಏಳುವ ಆರಂಭ ಯಾವಾಗಲೂ ತಪ್ಪೇ ಎಂದು ಕೇಳಬಹುದು. ಚೆನ್ನೈನಲ್ಲಿ ಕುಳಿತು ಕೇಳುವವರ ಕೈಗೆ ಒಳ್ಳೆಯ ಉದಾಹರಣೆಯೂ ಸಿಗುತ್ತದೆ. ಮದರಾಸಿನಲ್ಲಿ ಹುಟ್ಟಿ, ಅಲ್ಲೇ ಅಜ್ಜಿಯ ಮನೆಯಲ್ಲಿ ಬೆಳೆದು, ಮೈಸೂರಿನವರಾದ ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಶುರುವಾಗುವುದೇ ಸೋಮವಾರ ಬೆಳಿಗ್ಗೆ, ಕಣ್ಣು ಬಿಡಲು ಮನಸ್ಸಿಲ್ಲದ ಹುಡುಗನಿಂದ. ಆದರೆ ನಾರಾಯಣ್ ಅವನನ್ನು ಹಾಸಿಗೆಯಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಎಂಬುದನ್ನು ಗಮನಿಸಬೇಕು. ಕಣ್ಣು ಬಿಡುವ ಮೊದಲೇ ಅವನ ತಲೆಯೊಳಗೆ ಶಾಲೆಯ ಕಟ್ಟಡ ಬಂದು ನಿಂತಿರುತ್ತದೆ, ಕೆಂಡದ ಕಣ್ಣಿನ ವೇದನಾಯಗಂ ಮೇಷ್ಟರು ಬಂದಿರುತ್ತಾರೆ, ಬೆತ್ತ ಹಿಡಿದ ಹೆಡ್‌ಮಾಸ್ಟರು ಬಂದಿರುತ್ತಾರೆ. ಮಾಡದೆ ಬಿಟ್ಟ ಲೆಕ್ಕಗಳಿರುತ್ತವೆ. ಹುಡುಗ ಮಲಗಿರುವುದು ಮನೆಯಲ್ಲಾದರೂ ಆಗಲೇ ಅವನು ಸಿಕ್ಕಿಬಿದ್ದಾಗಿದೆ. ವಿದ್ಯಾರ್ಥಿ ಚಿತ್ರಗಳ ಅಲಾರಂ ದೃಶ್ಯದಲ್ಲಿ ಇಲ್ಲದಿರುವುದು ಇದೇ. ಅಲ್ಲಿ ಹುಡುಗ ಏಳುತ್ತಾನೆ, ಯಾಕೆಂದರೆ ಬೆಳಗಾಗಿದೆ. ಬೆಳಗಾದದ್ದು ಅವನಿಗೆ ಬೇಕಿತ್ತೋ ಬೇಡವಾಗಿತ್ತೋ ಎಂಬ ಸುಳಿವು ಹಲ್ಲುಜ್ಜುವ ಕ್ಲೋಸಪ್ಪಿನಲ್ಲಿ ಸಿಗುವುದಿಲ್ಲ. ಅಲಾರಂ ಇಟ್ಟುಕೊಳ್ಳಲಿ, ಅಡ್ಡಿಯಿಲ್ಲ. ಅದರ ಸದ್ದು ಯಾರಿಗೆ ಕೇಳಬಾರದು ಎಂಬುದೂ ಆ ದೃಶ್ಯದಲ್ಲಿರಲಿ.

ನೆನಪಿನ ದನಿಯ ಜಾಡಿನ ಬಗ್ಗೆ ನನ್ನ ತಕರಾರು ಇನ್ನೂ ಗಟ್ಟಿಯಾದದ್ದು. ಅದು ಎಲ್ಲಿಂದ ಬಂತು ಎಂದು ಹುಡುಕಲು ಕಷ್ಟಪಡಬೇಕಿಲ್ಲ. ಚೇರನ್ ಅವರ ‘ಆಟೋಗ್ರಾಫ್’ (2004), ಅದನ್ನೇ ಸುದೀಪ್ ಕನ್ನಡಕ್ಕೆ ತಂದ ‘ಮೈ ಆಟೋಗ್ರಾಫ್’ (2006), ಸಿ. ಪ್ರೇಮ್‌ಕುಮಾರ್ ಅವರ ‘96’ (2018), ಅದು ಕನ್ನಡದಲ್ಲಿ ಆದ ‘99’ (2019): ಇವೆಲ್ಲ ನಡುವಯಸ್ಸಿಗೆ ಬಂದವರು ತಮ್ಮ ಶಾಲೆಯ ದಿನಗಳ ಕಡೆ ತಿರುಗಿ ನೋಡುವ ಚಿತ್ರಗಳು. ಅಲ್ಲಿ ಹಂಬಲಕ್ಕೆ ಕಾರಣವಿದೆ. ಮದುವೆಯ ಕರೆಯೋಲೆ ಹಿಡಿದು ಹೊರಟವನಿಗೆ, 22 ವರ್ಷದ ಮೇಲೆ ಸಹಪಾಠಿಗಳನ್ನು ಕಾಣುವವನಿಗೆ ಆ ದಿನಗಳು ನಿಜಕ್ಕೂ ಹೋಗಿಬಿಟ್ಟಿವೆ. ಇನ್ನೂ ಪ್ಲಸ್ ಟೂ ಮುಗಿಸಿ ಎರಡು ವರ್ಷವಾಗದ ವಿದ್ಯಾರ್ಥಿ ಅದೇ ದನಿಯಲ್ಲಿ ಮಾತಾಡಿದರೆ ಅದು ಇನ್ನೊಬ್ಬರ ವಯಸ್ಸನ್ನು ಸಾಲ ತಂದ ಹಾಗೆ. ಕಳೆದುಹೋದದ್ದನ್ನು ಹಾಡುವುದು ಹಿರಿಯರ ಪಾಲು. ಕಳೆದುಹೋಗದೆ ಇನ್ನೂ ಚುಚ್ಚುತ್ತಿರುವುದನ್ನು ತೋರಿಸುವುದು ಇವರಿಗಷ್ಟೇ ಸಾಧ್ಯ. ಆ ಒಂದೇ ಅನುಕೂಲವನ್ನು ಮೊದಲ ವಾಕ್ಯದಲ್ಲೇ ಬಿಟ್ಟುಕೊಡುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ. ದನಿಯೇ ಬೇಡ ಎನ್ನುತ್ತಿಲ್ಲ. ಬಾಲಾಜಿ ಮೋಹನ್ ತಮ್ಮದೇ ಕಿರುಚಿತ್ರವನ್ನು ಬೆಳೆಸಿ ಮಾಡಿದ ‘ಕಾದಲಿಲ್ ಸೊದಪ್ಪುವದು ಎಪ್ಪಡಿ’ (2012) ಚಿತ್ರದ ಹುಡುಗ ನೇರವಾಗಿ ಕ್ಯಾಮೆರಾ ನೋಡಿ ನಮ್ಮೊಡನೆ ಮಾತಾಡುತ್ತಾನೆ. ಅಲ್ಲಿ ದನಿಗೆ ಎದುರಾಳಿ ಇದೆ, ಆ ಎದುರಾಳಿ ನಾವು. ತನ್ನನ್ನು ನೋಡುತ್ತಿದ್ದಾರೆ ಎಂದು ಅವನಿಗೆ ಗೊತ್ತು, ಆದ್ದರಿಂದ ಸಮಜಾಯಿಷಿ ಕೊಡುತ್ತಾನೆ, ಜಾರಿಕೊಳ್ಳುತ್ತಾನೆ, ಸಣ್ಣಪುಟ್ಟ ಸುಳ್ಳು ಹೇಳುವ ಅವಕಾಶವೂ ಅವನಿಗಿದೆ. ಗಾಳಿಗೆ ಹೇಳುವ ನೆನಪಿಗೂ ಒಬ್ಬರ ಮುಖಕ್ಕೆ ಹೇಳುವ ಮಾತಿಗೂ ಇರುವ ವ್ಯತ್ಯಾಸ ಇದು.

ಈ ವಾದವನ್ನು ಕಾಗದದ ಮೇಲೆ ಇಳಿಸಿದರೆ ಯೋಜನೆ ಹೇಗಿರಬಹುದು? ಬ್ರಿಟನ್ನಿನ ಶಾಲೆಗಳ ಮೀಡಿಯಾ ಪಠ್ಯದಲ್ಲಿ ಹಲವು ವರ್ಷ ವಿದ್ಯಾರ್ಥಿಗಳಿಗೆ ಒಂದು ಕೆಲಸ ಇತ್ತು: ಹೊಸ ಕಥಾಚಿತ್ರವೊಂದರ ಟೈಟಲ್ ಮತ್ತು ಆರಂಭವನ್ನು ಎರಡು ನಿಮಿಷ ಮೀರದಂತೆ ಮಾಡಿ ಕೊಡಬೇಕು, ಉಳಿದ ಚಿತ್ರ ಬೇಕಿಲ್ಲ. ಚೆನ್ನೈನ ಹುಡುಗಿಯೊಬ್ಬಳನ್ನು ಇಟ್ಟುಕೊಂಡು ಅದನ್ನು ಕಲ್ಪಿಸೋಣ. ಮೈಲಾಪುರದ ಕಡೆ, ಊರವರು ‘ಪರಕ್ಕುಂ ರಯಿಲ್’ ಎನ್ನುವ ಮೇಲ್ಸೇತುವೆಯ ರೈಲು ಹಾದುಹೋಗುವ ಬೀದಿ. ಸಂಜೆ ಐದರ ಸುಮಾರು, ಶಾಲೆ ಬಿಟ್ಟಿದೆ. ಹುಡುಗಿ ಕತ್ತಿನ ಐಡಿ ಟ್ಯಾಗನ್ನು ತೆಗೆದು, ಸುತ್ತಿ, ಜಾಮಿಟ್ರಿ ಬಾಕ್ಸಿನೊಳಗೆ ಇಡುತ್ತಾಳೆ. ಇದೊಂದೇ ಕ್ರಿಯೆ. ಇದಕ್ಕೆ ಕ್ಯಾಮೆರಾ ಎಲ್ಲಿರಬೇಕು? ಮುಖದ ಎದುರು ಇಟ್ಟರೆ ನಾವು ಅವಳ ಗೆಳತಿಯರಾಗುತ್ತೇವೆ. ರಸ್ತೆಯ ಆಚೆ, ಹೂವಿನ ಅಂಗಡಿಯ ಪಕ್ಕ, ನಡುವೆ ಆಟೊಗಳು ಅಡ್ಡಬರುವಂತೆ ಇಟ್ಟರೆ ನಾವೇ ಅವಳನ್ನು ಕಾಯುವ ಕಣ್ಣಾಗುತ್ತೇವೆ, ನೋಡಬಾರದ್ದನ್ನು ನೋಡಿಬಿಟ್ಟೆವಲ್ಲ ಎಂಬ ಕಸಿವಿಸಿ ನಮಗೇ ಹುಟ್ಟುತ್ತದೆ. ಎರಡನೆಯ ಶಾಟು ಅವಳ ಕಡೆಯಿಂದ: ಅವಳು ತಲೆ ಎತ್ತಿ ಹೂವಿನ ಅಂಗಡಿಯತ್ತ ನೋಡುತ್ತಾಳೆ, ಅಲ್ಲಿ ಯಾರಿದ್ದಾರೆಂದು ನಮಗೆ ತೋರಿಸಬೇಕಿಲ್ಲ. ಶಬ್ದದ ಪಟ್ಟಿಯೂ ಇಲ್ಲಿಂದಲೇ ಹೊರಡುತ್ತದೆ. ತಲೆಯ ಮೇಲೆ ರೈಲು ಬರುವಾಗ ಉಳಿದೆಲ್ಲ ಸದ್ದು ಮುಚ್ಚಿಹೋಗುತ್ತದೆ. ಅವಳು ಫೋನಿನಲ್ಲಿ ಆಡಬೇಕಾದ ಮಾತನ್ನು ಆ ಹದಿನೈದು ಸೆಕೆಂಡಿಗೇ ಕಾದು ಆಡುತ್ತಾಳೆ. ಏನು ಆಡಿದಳು ಎಂಬುದು ನಮಗೂ ಕೇಳುವುದಿಲ್ಲ. ಟೈಟಲ್ ಬರಬೇಕಾದದ್ದು ಅಲ್ಲಿ. ಇಲ್ಲಿ ಗಿಂಬಲ್ ಬೇಕಿಲ್ಲ, ಡ್ರೋನ್ ಬೇಕಿಲ್ಲ, ಹಿನ್ನೆಲೆ ಸಂಗೀತ ಬಂದರೆ ಕೆಲಸ ಕೆಡುತ್ತದೆ.

ಇದರಲ್ಲಿ ಅವಳ ಹೆಸರೇ ತಿಳಿಯಲಿಲ್ಲವಲ್ಲ, ಯಾವ ಕ್ಲಾಸು, ಎಂಥ ಮನೆ, ಪ್ರೇಕ್ಷಕ ಗೊಂದಲಕ್ಕೆ ಬೀಳುವುದಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಸ್ಟಾರ್ ಚಿತ್ರಗಳ ಇಂಟ್ರೊಗಳಿಗೆ ಒಗ್ಗಿಕೊಂಡ ಕಣ್ಣಿಗೆ ಇದು ಸಹಜವಾದ ಪ್ರಶ್ನೆ. ಆದರೆ ಅಲ್ಲಿ ಮೊದಲು ಬೂಟು, ಆಮೇಲೆ ಬೆನ್ನು, ಕೊನೆಗೆ ಮುಖ ಎಂದು ಕಾಯಿಸಿ ತೋರಿಸುವುದು ನಮಗೆ ಆಗಲೇ ಗೊತ್ತಿರುವ ಮುಖವನ್ನು. ವಿದ್ಯಾರ್ಥಿ ಚಿತ್ರದ ಮುಖ ಯಾರಿಗೂ ಗೊತ್ತಿಲ್ಲ. ಅದರ ಹೆಸರು ತಿಳಿದರೂ ಏನೂ ತಿಳಿದಂತಾಗುವುದಿಲ್ಲ. ಅವಳು ಏನನ್ನು ಬಚ್ಚಿಡುತ್ತಾಳೆ ಎಂದು ಕಂಡರೆ ಹೆಸರಿಗಾಗಿ ನಾವೇ ಕಾಯುತ್ತೇವೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಎಲ್ಲರೂ ಸಿಕ್ಕಿಬೀಳುವ ದೃಶ್ಯದಿಂದಲೇ ಶುರು ಮಾಡಿದರೆ ಅಲಾರಂ ಹೋಗಿ ಕಾಪಿ ಚೀಟಿ ಬಂತು, ಅಷ್ಟೇ ತಾನೆ? ಹೌದು, ದೃಶ್ಯವನ್ನು ನಕಲು ಮಾಡಿದರೆ ಹಾಗೇ ಆಗುತ್ತದೆ. ನಾನು ಹೇಳುತ್ತಿರುವುದು ಪ್ರಶ್ನೆಯ ಬಗ್ಗೆ. ನೋಡುವವರು ಯಾರು ಎಂಬುದಕ್ಕೆ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ಹುಡುಗನಿಗೆ ಸಿಗುವ ಉತ್ತರವೇ ಬೇರೆ, ಅಣ್ಣಾನಗರದ ಅಪಾರ್ಟ್‌ಮೆಂಟಿನ ಹುಡುಗಿಗೆ ಸಿಗುವುದೇ ಬೇರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಡುವ ಚೆನ್ನೈ ಕನ್ನಡಿಗರ ಮನೆಯ ಮಗುವಿಗಂತೂ ಯಾವ ಭಾಷೆ ಯಾರ ಕಿವಿಗೆ ಬೀಳುತ್ತದೆ ಎಂಬುದರಲ್ಲೇ ಒಂದು ಇಡೀ ಆರಂಭ ಅಡಗಿದೆ. ಅಪ್ಪನಿಗೆ ತಿಳಿಯದಂತೆ ಗೆಳೆಯನೊಡನೆ ಚೆನ್ನೈ ಬೀದಿಯ ತಮಿಳಿನಲ್ಲಿ ಮಾತು, ಗೆಳೆಯನಿಗೆ ತಿಳಿಯದಂತೆ ಅಮ್ಮನೊಡನೆ ಕನ್ನಡ. ಈ ದೃಶ್ಯವನ್ನು ನಾನು ಯಾವ ಚಿತ್ರದಲ್ಲೂ ನೋಡಿಲ್ಲ, ನೋಡಬೇಕೆಂದು ಬಹಳ ಆಸೆಯಿದೆ.

ಉಳಿದದ್ದು ಕಾಲೇಜುಗಳ ಪಾತ್ರ, ಮತ್ತು ಇಲ್ಲಿ ಒಂದು ತೊಡಕು ನಿಜವಾಗಿಯೂ ಇದೆ. ಮೇಷ್ಟರ ಕಣ್ಣಿನ ಬಗ್ಗೆ ಚಿತ್ರ ಮಾಡಲು ಹೊರಟ ವಿದ್ಯಾರ್ಥಿ ತನ್ನ ಸ್ಕ್ರಿಪ್ಟನ್ನು ಒಪ್ಪಿಸಬೇಕಾದದ್ದು ಮೇಷ್ಟರಿಗೇ. ಅಂಕ ಕೊಡುವವರೂ ಅವರೇ. ಹಾಗಾಗಿ ತರಗತಿಯೊಳಗೆ ನಡೆದದ್ದು ಚಿತ್ರದಲ್ಲಿ ಬೀಚಿಗೆ ಹೋಗುತ್ತದೆ, ಸಿಟ್ಟು ಹೋಗಿ ಗೆಳೆತನದ ಹಾಡು ಬರುತ್ತದೆ. ಹುಡುಗರಿಗೆ ಧೈರ್ಯವಿಲ್ಲ ಎನ್ನಲು ನಾನು ಸಿದ್ಧನಿಲ್ಲ. ಚೆನ್ನೈನ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು 1986ರಲ್ಲಿ ‘ಊಮೈ ವಿಳಿಗಳ್’ ಮಾಡಿ ಸಿನೆಮಾಸ್ಕೋಪ್ ಪರದೆಯನ್ನು ತುಂಬಿಸಿದರು; ಆರ್. ಅರವಿಂದರಾಜ್ ನಿರ್ದೇಶನ, ಆಬಾವಾಣನ್ ಅವರ ಕಥೆ. ಧೈರ್ಯಕ್ಕೆ ಅಲ್ಲಿ ಕೊರತೆಯಿರಲಿಲ್ಲ, ಆದರೆ ಕಥೆಯ ನಡುವೆ ನಿಂತದ್ದು ವಿಜಯಕಾಂತ್ ನಟಿಸಿದ ಹಿರಿಯ ಪೊಲೀಸ್ ಅಧಿಕಾರಿ. ತಮ್ಮ ವಯಸ್ಸನ್ನೇ ಕಥೆ ಮಾಡಿಕೊಳ್ಳಲು ಬೇಕಾದ ಧೈರ್ಯ ಬೇರೆ ಬಗೆಯದು, ಅದಕ್ಕೆ ಹಿರಿಯರ ಕಡೆಯಿಂದ ಸ್ವಲ್ಪ ಜಾಗ ಸಿಗಬೇಕು. ವಿಭಾಗಗಳು ಮಾಡಬಹುದಾದದ್ದು ದುಬಾರಿಯೂ ಅಲ್ಲ. ಬೀಚಿನಲ್ಲಿ, ರೈಲ್ವೆ ಜಾಗದಲ್ಲಿ ಕ್ಯಾಮೆರಾ ಇಡಲು ಅನುಮತಿಗೆ ಓಡಾಡಬೇಕು. ತರಗತಿಯ ಕೀಲಿ ವಿಭಾಗದ ಮುಖ್ಯಸ್ಥರ ಮೇಜಿನಲ್ಲೇ ಇರುತ್ತದೆ. ಭಾನುವಾರ ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡಲಿ. ಆರಂಭಕ್ಕೆ ಪ್ರತ್ಯೇಕ ಅಂಕವಿಟ್ಟು, ಅದನ್ನು ಹೊರಗಿನವರಿಂದ ಹಾಕಿಸಲಿ. ಸ್ಟೋರಿಬೋರ್ಡ್ ಕೇಳುವ ಮೊದಲು ಒಂದು ಪುಟದಲ್ಲಿ ನೋಡುವವರು ಯಾರು, ಮುಚ್ಚಿಟ್ಟದ್ದು ಏನು, ಕೇಳಿಸುವ ಸದ್ದು ಯಾವುದು ಎಂದು ಬರೆಸಲಿ. ಆ ಪುಟದಲ್ಲಿ ಮೇಷ್ಟರೊಬ್ಬರ ಚಹರೆ ತಮ್ಮದೇ ಚಹರೆಯನ್ನು ಹೋಲಿದರೆ, ಅದನ್ನು ಅಳಿಸು ಎನ್ನದೆ ಸಹಿ ಹಾಕಲಿ.